ಹಂಚಿಕೆಯ ಲೈನೋ, ಮೀಸಲು ಲೈನೋ: ಹಟ್ಟಿಯ ಅಂಗಡಿ ಕಲಿಸಿದ ಪಾಠ

ಮನೆ, ಅಂಗಡಿಗಳಿಗೆ ಬರುವ ಸಾಮಾನ್ಯ ಫೈಬರ್ ಬ್ರಾಡ್‌ಬ್ಯಾಂಡ್ ಹಲವರು ಹಂಚಿಕೊಳ್ಳುವ ಸಂಪರ್ಕ. ಲೀಸ್ಡ್ ಲೈನ್ ಒಬ್ಬ ಗ್ರಾಹಕನಿಗೇ ಮೀಸಲು. ಸಿಂಧನೂರು ಸೀಮೆಯ ರೈತರಿಗೆ ಇದು ತುಂಗಭದ್ರಾ ಎಡದಂಡೆ ಕಾಲುವೆಯ ನೀರಿಗೂ ಹೊಲದ ಸ್ವಂತ ಬೋರ್‌ವೆಲ್‌ಗೂ ಇರುವ ವ್ಯತ್ಯಾಸ. ಆದರೆ ಕಾಲುವೆಯಲ್ಲಿ ಕೊರತೆ ಬೀಳುವುದು ಕೊನೆ ಭಾಗದವರಿಗೆ. ಫೈಬರ್‌ನಲ್ಲಿ ಎಲ್ಲರೂ ಒಟ್ಟಿಗೆ ಬಳಸುವ ಹೊತ್ತಿನಲ್ಲಿ ಎಲ್ಲರಿಗೂ.

ಮನೆಗಳಿಗೆ ಹೆಚ್ಚಾಗಿ ಬರುವ ಜಿಪಾನ್ ವ್ಯವಸ್ಥೆಯಲ್ಲಿ ಒಂದೇ ಎಳೆ ಸ್ಪ್ಲಿಟರ್ ಮೂಲಕ ಸಾಮಾನ್ಯವಾಗಿ 32 ಅಥವಾ 64 ಗ್ರಾಹಕರಿಗೆ ಕವಲೊಡೆಯುತ್ತದೆ. ಆ ಎಳೆಯ ಒಟ್ಟು ಡೌನ್‌ಲೋಡ್ ವೇಗ ಸುಮಾರು 2.5 ಜಿಬಿಪಿಎಸ್, ಅಪ್‌ಲೋಡ್ ಅದರ ಅರ್ಧ. 64 ಮಂದಿಯೂ ಒಂದೇ ಕ್ಷಣ ಪೂರ್ತಿ ಎಳೆದರೆ ತಲಾ 39 ಎಂಬಿಪಿಎಸ್ ಸಿಗುತ್ತದೆ. ಹಾಗಾಗುವುದು ಅಪರೂಪ, ಆದ್ದರಿಂದಲೇ ಹಂಚಿಕೆ ಅಗ್ಗ. ಹಂಚಿಕೆ ಮನೆ ಸಂಪರ್ಕಕ್ಕೆ 1:50, ವ್ಯಾಪಾರಕ್ಕೆ 1:30 ಮೀರಬಾರದೆಂದು ಟ್ರಾಯ್ 2009ರಲ್ಲಿ ಮಾರ್ಗಸೂಚಿ ಕೊಟ್ಟಿತ್ತು.

ಈ ಲೇಖಕ ಗಣಿ ಊರಾದ ಹಟ್ಟಿಯಲ್ಲಿ ನಡೆಸುವ ಆನ್‌ಲೈನ್ ಸೇವಾ ಕೇಂದ್ರಕ್ಕೆ ಪಹಣಿ, ಆದಾಯ ಪ್ರಮಾಣಪತ್ರ, ವಿದ್ಯಾರ್ಥಿವೇತನದ ಅರ್ಜಿಗಳಿಗಾಗಿ ಸುತ್ತಲ ಹಳ್ಳಿಗಳವರೂ ಪಾಳಿ ಮುಗಿಸಿದ ಗಣಿ ಕಾರ್ಮಿಕರೂ ಬರುತ್ತಾರೆ. ಅರ್ಜಿಯ ಕೊನೆಯ ದಿನ ಒಬ್ಬ ವಿದ್ಯಾರ್ಥಿನಿ ಅರ್ಜಿಯ ಪುಟ ತೆರೆದುಕೊಳ್ಳದೆ ಸಂಜೆವರೆಗೆ ಕಾದು ಬರಿಗೈಲಿ ಹೋದಾಗ, ಎಷ್ಟೇ ಖರ್ಚಾದರೂ ಲೀಸ್ಡ್ ಲೈನ್ ಹಾಕಿಸುವುದೆಂದು ತೀರ್ಮಾನವಾಯಿತು. ಹಾಕಿಸುವ ಮೊದಲು ಒಂದು ತಿಂಗಳು, ಕೆಲಸ ನಿಂತಾಗಲೆಲ್ಲ ಹೊತ್ತನ್ನೂ ಕಾರಣವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡಲಾಯಿತು.

ಲೆಕ್ಕ ಬೇರೆಯದನ್ನೇ ಹೇಳಿತು. ಕೆಲವು ಸಲ ದೋಷ ಗೋಡೆಯಾಚೆಯ ವೈಫೈಯದು. ರೂಟರ್‌ಗೆ ನೇರ ಕೇಬಲ್ ಹಾಕಿದಾಗ ವೇಗ ಮರಳಿತು. ಕೊನೆಯ ದಿನಾಂಕಗಳಲ್ಲಿ ಬೇರೆ ಕಂಪನಿಯ ಮೊಬೈಲ್ ಡೇಟಾದಲ್ಲೂ ಪುಟ ತೆರೆಯಲಿಲ್ಲ. ದಟ್ಟಣೆ ಆ ಕಡೆಯ ಸರ್ವರ್‌ನದಾಗಿತ್ತು. ಅದಕ್ಕೆ ಯಾವ ಲೀಸ್ಡ್ ಲೈನೂ ಮದ್ದಲ್ಲ. ಇಡೀ ದಿನ ಹಾಳಾದದ್ದು ಕರೆಂಟ್ ಹೋದಾಗ, ಇಲ್ಲವೇ ರಸ್ತೆ ಅಗೆಯುವ ಜೆಸಿಬಿ ಕೇಬಲ್ ಕಡಿದಾಗ. ನೆರೆಹೊರೆಯ ಬಳಕೆಯಿಂದಾದ ನಿಧಾನ ಸಂಜೆಯ ಎರಡು ಮೂರು ತಾಸು ಮಾತ್ರ. ಕೊನೆಗೆ ಬೇರೆ ಕಂಪನಿಯ, ಬೇರೆ ದಾರಿಯಲ್ಲಿ ಬರುವ ಎರಡನೇ ಬ್ರಾಡ್‌ಬ್ಯಾಂಡ್ ಮತ್ತು ರೂಟರ್‌ಗೊಂದು ಯುಪಿಎಸ್ ಬಂದವು. ಅರ್ಜಿಗಳನ್ನು ಕೊನೆಯ ದಿನಕ್ಕೆ ಉಳಿಸಬಾರದೆಂದು ಗ್ರಾಹಕರಿಗೆ ಮುಂಚೆಯೇ ಹೇಳುವ ರೂಢಿಯೂ ಬಂತು.

ಲೀಸ್ಡ್ ಲೈನ್ ನಿಜಕ್ಕೂ ಬೇಕಾಗುವ ಕಡೆಗಳಿವೆ. ಅದರಲ್ಲಿ ಅಪ್‌ಲೋಡ್ ಮತ್ತು ಡೌನ್‌ಲೋಡ್ ವೇಗ ಒಂದೇ. ಸ್ಥಿರ ಐಪಿ ವಿಳಾಸವೂ ದುರಸ್ತಿಯ ಗಡುವೂ ಕರಾರಿನಲ್ಲಿರುತ್ತವೆ. ಬ್ಯಾಂಕ್ ಶಾಖೆ, ಆಸ್ಪತ್ರೆ, ಸ್ವಂತ ಸರ್ವರ್ ಇಟ್ಟ ಸಂಸ್ಥೆಗಳಿಗೆ ಇದು ಸರಿ. ದಿನವೂ ಮದುವೆ ವಿಡಿಯೊ ಕಳಿಸುವ ಸ್ಟುಡಿಯೊ ಇನ್ನೊಂದು ಉದಾಹರಣೆ: 40 ಜಿಬಿಯ ಕಡತಕ್ಕೆ 20 ಎಂಬಿಪಿಎಸ್ ಅಪ್‌ಲೋಡ್‌ನಲ್ಲಿ ಸುಮಾರು ನಾಲ್ಕೂವರೆ ತಾಸು ಬೇಕು, 100 ಎಂಬಿಪಿಎಸ್‌ನಲ್ಲಿ ಒಂದು ತಾಸೂ ಬೇಡ. ಪಾಠ, ಸಿನಿಮಾ, ವಿಡಿಯೊ ಕರೆಗಳಷ್ಟೇ ಇರುವ ಮನೆಗೆ ಹಂಚಿಕೆಯ ಲೈನ್ ಧಾರಾಳ.

ಯಾವುದೇ ಕರಾರಿಗೆ ಸಹಿ ಹಾಕುವ ಮುನ್ನ ಅಪ್‌ಲೋಡ್ ವೇಗ ಎಷ್ಟು, ಕೆಟ್ಟರೆ ಎಷ್ಟು ತಾಸಿನಲ್ಲಿ ದುರಸ್ತಿ, ಕೇಬಲ್ ಯಾವ ದಾರಿಯಲ್ಲಿ ಬರುತ್ತದೆ ಎಂಬ ಮೂರನ್ನೂ ಬರಹದಲ್ಲಿ ಪಡೆಯಬೇಕು. ಎರಡು ಲೈನ್ ಒಂದೇ ದಾರಿಯಲ್ಲಿ ಬಂದರೆ ಒಂದೇ ಏಟಿಗೆ ಎರಡೂ ಕಡಿಯುತ್ತವೆ. ಅವುಗಳಲ್ಲೊಂದು ಮೀಸಲು ಲೈನಾಗಿದ್ದರೂ ಅಷ್ಟೇ.