ಮನೆಯ ಅಡಿಗೆಯೂ ಮಿತವಾದ ವೆಚ್ಚವೂ

ಹುಲಗೂರು ಸೀಮೆಯ ಹೊಲಗಳಲ್ಲಿ ಈಗ ಗೋವಿನಜೋಳವೂ ಹತ್ತಿಯೂ ಬಹಳವಾಗಿ ಬೆಳೆಯುತ್ತವೆ. ಇವು ಹಣವನ್ನು ತರುವದು ನಿಜ. ಆದರೆ ರೊಟ್ಟಿಯ ಜೋಳವನ್ನೂ ಕಾಳನ್ನೂ ಸಂತೆಯಲ್ಲಿ ಕೊಳ್ಳಬೇಕಾದ ಮನೆಯಲ್ಲಿ ಆ ಹಣವು ನಿಲ್ಲುವದಿಲ್ಲ. ಆದಕಾರಣ ಮೂರು ಸಂಗತಿಗಳನ್ನು ಆಲೋಚಿಸೋಣ.

೧. ಜೋಳಕ್ಕೆ ಕಾಳು ಜೊತೆಯಾಗಿರಲಿ. ೧೦೦ ಗ್ರಾಮ್ ಜೋಳದಲ್ಲಿ ಸುಮಾರು ೧೦ ಗ್ರಾಮ್ ಸಸಾರಜನಕವುಂಟು. ಆದರೂ ಅದರಲ್ಲಿ ಲೈಸಿನ್ ಎಂಬ ಅಂಶವು ಕಡಿಮೆ. ಈ ಕೊರತೆಯನ್ನು ಹೆಸರು, ಮಡಿಕೆ, ಅಲಸಂದಿ, ತೊಗರಿಗಳು ತುಂಬುತ್ತವೆ. ರೊಟ್ಟಿಯೊಡನೆ ಕಾಳುಪಲ್ಯವನ್ನಿಟ್ಟ ನಮ್ಮ ಹಿರಿಯರ ರೂಢಿಯು ವ್ಯರ್ಥವಾದದ್ದಲ್ಲ.

೨. ಸೊಪ್ಪನ್ನು ಬಡವರ ಊಟವೆಂದು ಹೀನೈಸಬಾರದು. ರಕ್ತ ಸಾಲದ ತಾಯಂದಿರಿಗೂ ಮಕ್ಕಳಿಗೂ ಬೇಕಾದ ಕಬ್ಬಿಣವು ರಾಜಗಿರಿ, ಮೆಂತ್ಯದಂಥ ಸೊಪ್ಪುಗಳಲ್ಲಿರುತ್ತದೆ. ನಿಂಬೆಯ ರಸವನ್ನು ಹಿಂಡಿಕೊಂಡರೆ ಅದು ಮೈಗೆ ಚೆನ್ನಾಗಿ ಹತ್ತುವದು. ಊಟದೊಡನೆ ಚಹಾ ಕುಡಿದರೆ ಅದಕ್ಕೆ ಅಡ್ಡಿಯಾಗುವದು.

೩. ಹೊಲದಲ್ಲಿ ಮನೆಯ ಪಾಲನ್ನು ಮೊದಲು ಬಿತ್ತಬೇಕು. ಜೋಳದ ನಡುವೆ ತೊಗರಿಯ ಅಕ್ಕಡಿ ಸಾಲುಗಳೂ ಅಂಚಿನಲ್ಲಿ ಗುರೆಳ್ಳೂ ಇದ್ದರೆ ಬೇಳೆಯೂ ಚಟ್ನಿಯೂ ಮನೆಯಲ್ಲೇ ಸಿಕ್ಕುವವು. ತೊಗರಿಯ ಬೇರು ನೆಲಕ್ಕೂ ಸಾರವನ್ನು ಕೊಡುತ್ತದೆ.

ಕಡೆಯದಾಗಿ, ನಾವೆಲ್ಲರೂ ಒಂದು ತಿಂಗಳ ಅಂಗಡಿಯ ಲೆಕ್ಕವನ್ನು ಬರೆದಿಡೋಣ. ಪೊಟ್ಟಣದ ತಿಂಡಿಗೆ ಹೋದ ಹಣವು ಎಷ್ಟು ಸೇರು ಹೆಸರಿಗೆ ಸಾಕಾಗುತ್ತಿತ್ತೆಂಬದು ಆಗ ತಿಳಿದುಬರುವದು.