ಟ್ರೌಟ್ ಕೊಳದಲ್ಲಿ ಒಂದು ದಿನ: ಗಾಳ ಹಾಕುವವರಿಗೂ, ಮೀನು ಸಾಕುವವರಿಗೂ

ಅಮೆರಿಕ ಸಂಯುಕ್ತ ಸಂಸ್ಥಾನದ ಬೆಟ್ಟಗುಡ್ಡಗಳ ಪ್ರದೇಶಗಳಲ್ಲಿ ಸಂಸಾರ ಸಮೇತ ಹೋಗಿ, ಹಣ ಕೊಟ್ಟು, ಗಾಳ ಹಾಕಿ ಮೀನು ಹಿಡಿದು ತರಬಹುದಾದ ಖಾಸಗಿ ಟ್ರೌಟ್ ಕೊಳಗಳಿವೆ. ಇಂತಹ ಕೊಳದ ಮೀನು ಅಲ್ಲಿಯೇ ಹುಟ್ಟಿ ಬೆಳೆದದ್ದಲ್ಲ. ಪಕ್ಕದ ತೊಟ್ಟಿಗಳಲ್ಲಿಯೋ ಬೇರೆ ಕ್ಷೇತ್ರದಲ್ಲಿಯೋ ಸಾಕಿ, ತಿನ್ನುವ ಗಾತ್ರಕ್ಕೆ ಬಂದ ಮೇಲೆ ತಂದು ಬಿಟ್ಟದ್ದು. ಮಗನ ಮನೆಗೋ ಮಗಳ ಮನೆಗೋ ಹೋಗಿ ಆ ದೇಶವನ್ನು ಕಂಡುಬಂದ ನಮ್ಮ ರೈತರು, "ಇದೇ ಮೀನನ್ನು ನಮ್ಮ ಕೃಷಿಹೊಂಡದಲ್ಲಿ ಸಾಕಿದರೆ ಹೇಗೆ?" ಎಂದು ಕೇಳುವುದು ಸಹಜ. ಮೀನಿಗೆ ಒಳ್ಳೆಯ ಬೆಲೆ ಇದೆ, ಗಿರಾಕಿ ತಾನಾಗಿಯೇ ಬರುತ್ತಾನೆ, ಹಿಡಿಯುವ ಕೂಲಿಯೂ ಉಳಿಯುತ್ತದೆ. ಕೇಳುವುದಕ್ಕೆ ಲಾಭದ ಕಸುಬೇ. ಆದರೆ ಹಣ ಹಾಕುವ ಮೊದಲು ಆ ಕೊಳದ ವ್ಯವಹಾರ ಹೇಗೆ ನಡೆಯುತ್ತದೆ, ಅದರ ಬೇರು ಎಲ್ಲಿದೆ ಎಂಬುದನ್ನು ತಿಳಿಯುವುದು ಅಗತ್ಯ.

ಕೊಳದ ಬಳಿ

ಬಂದವರಿಗೆ ಗಾಳದ ಕೋಲು, ಬಕೆಟ್ಟು, ಕೈಬಲೆಗಳನ್ನು ಕ್ಷೇತ್ರದವರೇ ಕೊಡುತ್ತಾರೆ. ಕೆಲವೆಡೆ ಇದಕ್ಕೆ ಬಾಡಿಗೆ ಇರುತ್ತದೆ. ನದಿಯಲ್ಲಿ ಗಾಳ ಹಾಕಲು ಸರ್ಕಾರದ ಪರವಾನಗಿ ಬೇಕು. ಇಂತಹ ಖಾಸಗಿ ಕೊಳಗಳಲ್ಲಿ ಹಲವು ರಾಜ್ಯಗಳಲ್ಲಿ ಅದು ಬೇಕಾಗುವುದಿಲ್ಲ. ಹಿಡಿದ ಮೀನಿನ ಉದ್ದವನ್ನು ಅಂಗುಲದಲ್ಲಿ ಅಳೆದೋ, ತೂಕ ಹಾಕಿಯೋ ಹಣ ಪಡೆಯುತ್ತಾರೆ.

ಹೊಸಬರಿಗೆ ಅಚ್ಚರಿಯಾಗುವ ಕಟ್ಟಳೆ ಒಂದಿದೆ: ಹಿಡಿದ ಮೀನನ್ನು ತಿರುಗಿ ನೀರಿಗೆ ಬಿಡುವಂತಿಲ್ಲ. ಇದು ಕೇವಲ ವ್ಯಾಪಾರದ ಜಾಣತನವಲ್ಲ. ಗಾಳವನ್ನು ನುಂಗಿದ ಮೀನು ಬಿಟ್ಟರೂ ಬದುಕುವುದು ಕಷ್ಟ. ಒಣಗೈಯಲ್ಲಿ ಹಿಡಿದರೆ ಮೈಮೇಲಿನ ಲೋಳೆ ಕಿತ್ತುಬಂದು ಆ ಜಾಗಕ್ಕೆ ಬೂಷ್ಟು ಹತ್ತುತ್ತದೆ. ಒತ್ತಾಗಿ ಮೀನಿರುವ ಕೊಳದಲ್ಲಿ ಗಾಯಗೊಂಡ ಮೀನುಗಳನ್ನು ಬಿಟ್ಟುಕೊಂಡಿರುವುದು ರೋಗವನ್ನು ಕರೆದು ಕೂರಿಸಿಕೊಂಡಂತೆ. ಆದಕಾರಣ ಎಷ್ಟು ಮೀನು ಬೇಕೆಂಬುದನ್ನು ತಂದೆತಾಯಿಗಳು ಮೊದಲೇ ನಿಶ್ಚಯಿಸಿ ಮಕ್ಕಳಿಗೆ ಹೇಳಿಡಬೇಕು. ಹಸಿದ ಮೀನು ಬೇಗ ಬೇಗ ಕಚ್ಚುತ್ತದೆ. ಮಕ್ಕಳ ಉತ್ಸಾಹಕ್ಕೆ ತಡೆ ಇರುವುದಿಲ್ಲ. ಲೆಕ್ಕ ಬರುವಾಗ ಬಕೆಟ್ಟು ತುಂಬಿರುತ್ತದೆ.

ಮೀನಿನ ತಿಂಡಿಯ ಗುಳಿಗೆಗಳನ್ನು ಹಿಡಿಯಷ್ಟು ಮಕ್ಕಳಿಗೆ ಮಾರಿ, ಸಾಕುವ ತೊಟ್ಟಿಗೆ ಎರಚಲು ಬಿಡುವ ಪದ್ಧತಿಯೂ ಅಲ್ಲಲ್ಲಿ ಉಂಟು. ತನ್ನ ಮೀನಿಗೆ ಮೇವು ಹಾಕುವ ಕೆಲಸಕ್ಕೆ ಗಿರಾಕಿಯಿಂದಲೇ ಹಣ ಪಡೆಯುವ ಆ ರೈತನ ಬುದ್ಧಿಯನ್ನು ಮೆಚ್ಚಬೇಕು!

ಗಾಳಕ್ಕೆ ಎರೆಹುಳು, ಜೋಳದ ಕಾಳು ಅಥವಾ ಹಿಟ್ಟಿನ ಉಂಡೆ ಸಾಕು. ಸಣ್ಣ ಗಾಳವೇ ಒಳ್ಳೆಯದು. ಬೆಂಡು ಮುಳುಗಿದೊಡನೆ ಕೋಲನ್ನು ಜಗ್ಗಿ ಎಳೆಯಬಾರದು. ಮೀನಿನ ಬಾಯಿ ಹರಿದು ತಪ್ಪಿಸಿಕೊಳ್ಳುತ್ತದೆ. ಕೋಲನ್ನು ಮೆಲ್ಲಗೆ ಎತ್ತಿ, ನೂಲು ಸಡಿಲವಾಗದಂತೆ ದಡಕ್ಕೆ ತಂದು, ಕೈಬಲೆಯಿಂದ ಎತ್ತಿಕೊಳ್ಳಬೇಕು. ಹೊತ್ತು ಏರಿದಂತೆ ಟ್ರೌಟ್ ತಂಪು ಹುಡುಕಿ ಆಳಕ್ಕೆ ಇಳಿಯುವುದರಿಂದ ಬೇಸಿಗೆಯಲ್ಲಿ ಬೆಳಗಿನ ಹೊತ್ತೇ ಮೇಲು.

ಹೀಗೆ ಸಿಕ್ಕುವ ಮೀನು ಸಾಮಾನ್ಯವಾಗಿ ರೇನ್‌ಬೋ ಟ್ರೌಟ್. ಮೈಯ ಪಕ್ಕದಲ್ಲಿ ನಸುಗೆಂಪು ಪಟ್ಟೆ, ಮೈಮೇಲೆ ಕರಿಯ ಚುಕ್ಕೆಗಳು, ಬಾಲಕ್ಕೆ ಸ್ವಲ್ಪ ಮುಂದೆ ಬೆನ್ನಿನ ಮೇಲೆ ಮುಳ್ಳಿಲ್ಲದ ಪುಟ್ಟ ಮಾಂಸಲ ರೆಕ್ಕೆ, ಇವು ಅದರ ಗುರುತುಗಳು. ಶಾಸ್ತ್ರೀಯ ನಾಮ ಆಂಕೊರಿಂಕಸ್ ಮೈಕಿಸ್. 1989ಕ್ಕೆ ಹಿಂದಿನ ಪುಸ್ತಕಗಳಲ್ಲಿ ಇದನ್ನೇ ಸಾಲ್ಮೊ ಗೈರ್ಡ್ನೆರಿ ಎಂದು ಬರೆದಿರುತ್ತದೆ.

ಮೀನನ್ನು ಶುದ್ಧಿ ಮಾಡುವುದು

ಹಿಡಿದ ಮೀನನ್ನು ಬಿಸಿಲಲ್ಲಿ ಒದ್ದಾಡಲು ಬಿಡದೆ, ತಲೆಯ ಮೇಲೆ ಒಂದೇ ಪೆಟ್ಟು ಕೊಟ್ಟು ಕೊಂದು ಮಂಜುಗಡ್ಡೆಯಲ್ಲಿಡಬೇಕು. ಒದ್ದಾಡಿ ಸತ್ತ ಮೀನಿನ ಮಾಂಸ ಬೇಗ ಕೆಡುತ್ತದೆ. ಟ್ರೌಟಿನ ಹುರುಪೆ ಬಹಳ ಸಣ್ಣದು. ಉಜ್ಜಿ ತೆಗೆಯುವ ಶ್ರಮವಿಲ್ಲ. ಗುದದ್ವಾರದಿಂದ ಕಿವಿರಿನವರೆಗೆ ಹೊಟ್ಟೆ ಸೀಳಿ, ಕರುಳನ್ನೂ ಕಿವಿರನ್ನೂ ತೆಗೆಯಬೇಕು. ಒಳಗೆ ಬೆನ್ನುಮೂಳೆಯ ಉದ್ದಕ್ಕೂ ಕಪ್ಪುಗೆಂಪಿನ ಗೆರೆಯಂತೆ ಕಾಣುವುದು ಮೂತ್ರಪಿಂಡ. ಅದನ್ನು ಹೆಬ್ಬೆರಳಿನ ಉಗುರಿನಿಂದ ಕೆರೆದು ತೊಳೆಯದೆ ಬಿಟ್ಟರೆ ಕಹಿ ಬರುತ್ತದೆ. ಉಪ್ಪು, ಅರಿಶಿನ, ಮೆಣಸಿನಪುಡಿ, ನಿಂಬೆರಸ ಹಚ್ಚಿ ಇಡಿಯಾಗಿಯೇ ಕಾವಲಿಯ ಮೇಲೆ ಬೇಯಿಸಬಹುದು. ಬೆಂದ ಮೇಲೆ ಬೆನ್ನುಮೂಳೆ ಪಕ್ಕದ ಮುಳ್ಳುಗಳೊಡನೆ ಹೆಚ್ಚುಕಡಿಮೆ ಒಂದೇ ಎಳೆತಕ್ಕೆ ಬರುತ್ತದೆ. ನಮ್ಮ ಗೆಂಡೆ ಮೀನುಗಳಂತೆ ಮಾಂಸದೊಳಗೆಲ್ಲ ಕವಲುಮುಳ್ಳು ಹರಡಿಲ್ಲವಾದುದರಿಂದ ಮಕ್ಕಳಿಗೆ ಕೊಡಲು ಅನುಕೂಲ.

ನೀರೇ ಬಂಡವಾಳ

ಈಗ ಬೇರಿನ ವಿಷಯಕ್ಕೆ ಬರೋಣ. ಟ್ರೌಟ್ ತಣ್ಣೀರಿನ ಮೀನು. 10ರಿಂದ 16 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯ ನೀರಿನಲ್ಲಿ ಚೆನ್ನಾಗಿ ಬೆಳೆಯುತ್ತದೆ. 20 ಡಿಗ್ರಿ ದಾಟಿದರೆ ಮೇವು ಬಿಡತೊಡಗುತ್ತದೆ. 25ರ ಸುಮಾರಿಗೆ ಸಾಯುತ್ತದೆ. ಕಾರಣ ಬಿಸಿ ಮಾತ್ರವಲ್ಲ. 10 ಡಿಗ್ರಿಯ ನೀರು ಲೀಟರಿಗೆ ಸುಮಾರು 11 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲದು. 30 ಡಿಗ್ರಿಯ ನೀರು ಏಳೂವರೆ ಮಿಲಿಗ್ರಾಂ ಮಾತ್ರ. ನೀರು ಬೆಚ್ಚಗಾದಂತೆ ಮೀನಿನ ಉಸಿರಾಟದ ಅಗತ್ಯ ಹೆಚ್ಚುತ್ತದೆ, ನೀರಿನ ಶಕ್ತಿ ಕುಗ್ಗುತ್ತದೆ. ಎರಡು ಕಡೆಯಿಂದಲೂ ಮೀನಿಗೆ ಇಕ್ಕಟ್ಟು.

ಆದ್ದರಿಂದಲೇ ಟ್ರೌಟ್ ಸಾಕಣೆ ಚಿಲುಮೆಗಳ ಬೆನ್ನು ಹತ್ತಿ ಬೆಳೆದಿದೆ. ಅಮೆರಿಕದಲ್ಲಿ ಊಟಕ್ಕಾಗಿ ಸಾಕುವ ಟ್ರೌಟಿನ ಹೆಚ್ಚಿನ ಪಾಲು ಬರುವುದು ಐಡಾಹೊ ರಾಜ್ಯದಿಂದ. ಅಲ್ಲಿ ಸ್ನೇಕ್ ನದಿಯ ಕಣಿವೆಯ ಬಂಡೆಗಳಿಂದ ಹೊರಬೀಳುವ ಚಿಲುಮೆಗಳ ನೀರು ವರ್ಷವಿಡೀ 15 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಮೀನನ್ನು ಕೆರೆಯಲ್ಲಿ ಸಾಕದೆ, ಉದ್ದನೆಯ ಸಿಮೆಂಟ್ ಕಾಲುವೆಯಂತಹ ತೊಟ್ಟಿಗಳಲ್ಲಿ ನೀರು ಎಡೆಬಿಡದೆ ಹರಿಯುವಂತೆ ಮಾಡಿ ಸಾಕುತ್ತಾರೆ. ಗಾಳಿ ಊದುವ ಯಂತ್ರವಿಲ್ಲದಿದ್ದರೆ ಒಂದು ಕಿಲೋ ಮೀನಿಗೆ ನಿಮಿಷಕ್ಕೆ ಒಂದು ಲೀಟರಿನಂತೆ ಹೊಸ ನೀರು ಬೇಕೆಂಬುದು ರೂಢಿಯ ಲೆಕ್ಕ.

ಈ ಲೆಕ್ಕವನ್ನು ನಮ್ಮ ಹೊಲಕ್ಕೆ ತಂದು ನೋಡಿ. ತೊಟ್ಟಿಯಲ್ಲಿ ಒಂದು ಟನ್ ಮೀನಿದ್ದರೆ ಗಂಟೆಗೆ 60,000 ಲೀಟರ್ ನೀರು ಹರಿಯಬೇಕು. ಅಂದರೆ ಗಂಟೆಗೆ 10,000 ಲೀಟರ್ ಎತ್ತುವ ಆರು ಪಂಪುಗಳು ಹಗಲಿರುಳು ಓಡಬೇಕು. ಅಂತರ್ಜಲದ ಉಷ್ಣತೆ ಆ ಊರಿನ ವರ್ಷದ ಸರಾಸರಿ ಹವೆಗೆ ಹತ್ತಿರವಾಗಿರುವುದರಿಂದ ನಮ್ಮ ಬಯಲುಸೀಮೆಯ ಕೊಳವೆಬಾವಿಯ ನೀರು ಸುಮಾರು 25 ಡಿಗ್ರಿ ಇಲ್ಲವೇ ಅದಕ್ಕೂ ಮೇಲೆ ಇರುತ್ತದೆ. ಅಷ್ಟು ನೀರನ್ನು ಹರಿಯುತ್ತಿರುವಂತೆಯೇ 10 ಡಿಗ್ರಿ ತಂಪು ಮಾಡಲು ಸುಮಾರು 700 ಕಿಲೋವ್ಯಾಟಿನಷ್ಟು ಶಾಖವನ್ನು ಹೊರಹಾಕಬೇಕಾಗುತ್ತದೆ. ಒಳ್ಳೆಯ ಶೈತ್ಯಯಂತ್ರಕ್ಕೂ ಇದು ಇನ್ನೂರು ಅಶ್ವಶಕ್ತಿಗೆ ಮೀರಿದ ಕೆಲಸ. ನೀರನ್ನು ಸೋಸಿ, ತಂಪುಮಾಡಿ, ತಿರುಗಿ ತಿರುಗಿ ಬಳಸುವ ಮುಚ್ಚಿದ ಘಟಕಗಳಲ್ಲಿ ಟ್ರೌಟ್ ಸಾಕಬಹುದೆಂಬುದು ನಿಜ. ಆದರೆ ಅದು ಕಾರ್ಖಾನೆಯ ಬಂಡವಾಳದ ಬಾಬತ್ತು, ಕೃಷಿಹೊಂಡದ್ದಲ್ಲ. ಯಾರಾದರೂ ಟ್ರೌಟ್ ಮರಿ ಮಾರಲು ನಮ್ಮ ಬಯಲುಸೀಮೆಗೆ ಬಂದರೆ ಮೊದಲು ಏಪ್ರಿಲ್ ತಿಂಗಳ ಮಧ್ಯಾಹ್ನ ಹೊಂಡದ ನೀರಿಗೆ ಉಷ್ಣಮಾಪಕ ಇಳಿಸಿ ಅವರಿಗೆ ತೋರಿಸಿರಿ.

ಭಾರತದಲ್ಲಿಯೂ ಟ್ರೌಟ್ ನೆಲೆಯೂರಿರುವುದು ತಂಪು ಇರುವೆಡೆ ಮಾತ್ರ. ನೀಲಗಿರಿಗೆ ಇದನ್ನು ತರಲು ಫ್ರಾನ್ಸಿಸ್ ಡೇ ಎಂಬ ಮತ್ಸ್ಯತಜ್ಞರು 1863ರಲ್ಲಿ ಮಾಡಿದ ಮೊದಲ ಪ್ರಯತ್ನ ಫಲಿಸಲಿಲ್ಲ. ಮುಂದೆ 1907ರಲ್ಲಿ ಎಚ್.ಸಿ. ವಿಲ್ಸನ್ ಅವರ ಉಸ್ತುವಾರಿಯಲ್ಲಿ ಅವಲಾಂಚೆಯಲ್ಲಿ ಮರಿ ಮಾಡುವ ಕೇಂದ್ರ ಆರಂಭವಾಯಿತು. ರೇನ್‌ಬೋ ಟ್ರೌಟ್ ಆ ಬೆಟ್ಟದ ಹೊಳೆಗಳಲ್ಲಿ ನೆಲೆಸಿತು. ಕಾಶ್ಮೀರಕ್ಕೆ ಕಂದು ಟ್ರೌಟ್ ಬಂದುದು 1900ರಲ್ಲಿ. ಹಿಮಾಚಲ ಪ್ರದೇಶದ ಕುಲು ಕಣಿವೆಯ ಪತ್ಲಿಕುಹಲ್ ಕ್ಷೇತ್ರ ನಾರ್ವೆ ದೇಶದ ನೆರವಿನಿಂದ ಬೆಳೆದು, ಇಂದು ಆ ಕಡೆಯ ರೈತರು ಹಿಮನದಿಯ ನೀರಿನಲ್ಲಿ ಟ್ರೌಟ್ ಸಾಕಿ ಮಾರುತ್ತಿದ್ದಾರೆ.

ನಮ್ಮ ಹೊಂಡಕ್ಕೆ ಹೊಂದುವುದು

ಟ್ರೌಟನ್ನು ಬಿಟ್ಟು, ದಡದಲ್ಲೇ ಮೀನು ಮಾರುವ ಪದ್ಧತಿಯನ್ನು ಮಾತ್ರ ತೆಗೆದುಕೊಳ್ಳಲು ಅಡ್ಡಿಯಿಲ್ಲ. ಬಂಗಾಳದಲ್ಲಿ ಟಿಕೆಟು ಪಡೆದು ಕೊಳದಲ್ಲಿ ರೋಹು, ಕಾಟ್ಲಾ ಮೀನಿಗೆ ಗಾಳ ಹಾಕುವ ಹವ್ಯಾಸ ಬಹಳ ಹಿಂದಿನಿಂದ ಇದೆ. ಪಟ್ಟಣಕ್ಕೆ ಹತ್ತಿರವಾಗಿ, ರಸ್ತೆ ಬದಿಯಲ್ಲಿ, ನೆರಳಿರುವ ಸ್ವಂತ ಹೊಂಡವುಳ್ಳವರು ಇದನ್ನು ಸಣ್ಣದಾಗಿ ಪ್ರಯತ್ನಿಸಬಹುದು. ಸಾಮಾನ್ಯ ಗೆಂಡೆ ಮತ್ತು ರೋಹು ಹಿಟ್ಟಿನ ಉಂಡೆಗೆ ಚೆನ್ನಾಗಿ ಬರುತ್ತವೆ. ಅರ್ಧ ಕಿಲೋ ದಾಟಿದ ಮೀನುಗಳನ್ನು ಚಿಕ್ಕ ಹೊಂಡಕ್ಕೆ ಬೇರ್ಪಡಿಸಿ, ಜನ ಬರುವ ಹಿಂದಿನ ದಿನ ಮೇವು ನಿಲ್ಲಿಸಬೇಕು. ಮೇವು ತಿಂದು ತೃಪ್ತವಾದ ಮೀನು ಗಾಳವನ್ನು ಮೂಸಿಯೂ ನೋಡದು. ಬರಿಗೈಯಲ್ಲಿ ಹೋದ ಸಂಸಾರ ಮತ್ತೆ ಬಾರದು. ಸರ್ಕಾರಿ ಅಥವಾ ಪಂಚಾಯ್ತಿ ಕೆರೆಯಾದರೆ ಮೀನು ಹಿಡಿಯುವ ಹಕ್ಕು ಗುತ್ತಿಗೆಗೆ ಒಳಪಟ್ಟಿರುತ್ತದೆಯಾದ್ದರಿಂದ ಮೊದಲು ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿಕೊಳ್ಳಬೇಕು.

ನೀರು ಹಸಿರುಗಟ್ಟಿದ ಹೊಂಡದಲ್ಲಿ ಸೂರ್ಯೋದಯಕ್ಕೆ ಮುಂಚೆ ಆಮ್ಲಜನಕ ಅತಿ ಕಡಿಮೆ ಇರುತ್ತದೆ. ಮೀನು ಮೇಲೆ ಬಂದು ಬಾಯಿ ತೆರೆದು ಗಾಳಿ ಕುಡಿಯುತ್ತಿದ್ದರೆ ಅಂದು ಗಾಳ ಹಾಕಿಸದೆ ಹೊಸ ನೀರು ಬಿಡಬೇಕು.

ಪ್ಲಾಸ್ಟಿಕ್ ಹಾಳೆ ಹೊದಿಸಿದ ಕೃಷಿಹೊಂಡದ ದಡದಲ್ಲಿ ಮಾತ್ರ ಯಾವ ಕಾರಣಕ್ಕೂ ಮಕ್ಕಳನ್ನು ನಿಲ್ಲಿಸಬಾರದು. ಪಾಚಿ ಹಿಡಿದ ಹಾಳೆಯ ಇಳಿಜಾರಿನಲ್ಲಿ ಜಾರಿದರೆ ಈಜು ಬಲ್ಲ ದೊಡ್ಡವರಿಗೂ ಮೇಲೆ ಹತ್ತುವುದು ಅಸಾಧ್ಯ. ಗಾಳ ಹಾಕಿಸುವ ಹೊಂಡ ಮಣ್ಣಿನದೇ ಆಗಿರಲಿ, ಅಂಚಿನಲ್ಲಿ ಆಳ ಮೊಣಕಾಲಿಗೆ ಮೀರದಂತೆ ಮೆಟ್ಟಿಲಿನ ಹಾಗೆ ಕಡಿದಿರಲಿ. ಸುತ್ತಲೂ ಬೇಲಿ, ಒಂದೇ ಬಾಗಿಲು, ದಡದ ನಾಲ್ಕೂ ಕಡೆ ಗೂಟಕ್ಕೆ ಕಟ್ಟಿದ ಗಂಟುಹಗ್ಗ, ಗಾಳಿ ತುಂಬಿದ ಹಳೆಯ ಲಾರಿ ಟ್ಯೂಬು, ಈಜು ಬಲ್ಲ ಒಬ್ಬ ಆಳು ಇಷ್ಟು ಸಿದ್ಧವಾದ ಮೇಲೆಯೇ ಮೊದಲ ಟಿಕೆಟು ಕೊಡಬೇಕು.