ಉದ್ಯಾನವೂ ಒಂದು ಅಮಾನತು

ತುಮಕೂರಿನ ಅಮಾನಿಕೆರೆಯನ್ನು ನಮ್ಮ ಜಿಲ್ಲೆಯಲ್ಲಿ ಅರಿಯದವರಿಲ್ಲ. 'ಅಮಾನಿ' ಎಂದರೆ ಸರಕಾರವೇ ನೇರವಾಗಿ ನೋಡಿಕೊಳ್ಳುವ ಆಸ್ತಿ. 'ಅಮಾನತ್' ಎಂಬ ಅರಬಿ ಪದದ ಮೂಲವೇ ಇದಕ್ಕೂ ಮೂಲ. ಅಮಾನತ್ ಎಂದರೆ ನಂಬಿ ಒಪ್ಪಿಸಿದ ವಸ್ತು. ಆದರೆ ಸರಕಾರದ್ದೆಂದರೆ ಯಾರದೂ ಅಲ್ಲ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಸತ್ಯವಿಶ್ವಾಸಿಗೆ ಅದು ಎಲ್ಲರದು. ಅಲ್ಲಿ ಬಾಳುವ ಹಕ್ಕಿಗೂ ಇರುವೆಗೂ ಅದರಲ್ಲಿ ಹಕ್ಕಿದೆ. ಪ್ರಾಣಿಪಕ್ಷಿಗಳನ್ನೂ ಕುರ್‌ಆನ್ (ಅಲ್ ಅನ್‌ಆಮ್: 38) ನಮ್ಮಂತಹ ಸಮುದಾಯಗಳೆಂದೇ ಪರಿಗಣಿಸಿದೆ.

ಹ. ಅಬ್ದುಲ್ಲಾ ಬಿನ್ ಮಸ್‌ಊದ್(ರ) ವರದಿ ಮಾಡಿದ, ಅಬೂದಾವೂದ್ ಸಂಗ್ರಹದಲ್ಲಿರುವ ಒಂದು ಹದೀಸನ್ನು ಗಮನಿಸಿರಿ. ಪ್ರಯಾಣದ ಮಧ್ಯೆ ಸಹಾಬಿಗಳು ಹಕ್ಕಿಯೊಂದರ ಎರಡು ಮರಿಗಳನ್ನು ಎತ್ತಿಕೊಂಡರು. ತಾಯಿ ಹಕ್ಕಿ ರೆಕ್ಕೆ ಬಡಿಯುತ್ತಾ ಸುತ್ತತೊಡಗಿತು. ಪ್ರವಾದಿವರ್ಯರು(ಸ) ಅದನ್ನು ಕಂಡು, ಮರಿಗಳನ್ನು ತಾಯಿಗೆ ಮರಳಿಸಲು ಆಜ್ಞಾಪಿಸಿದರು. ಅದೇ ಪ್ರಯಾಣದಲ್ಲಿ ಸುಡಲ್ಪಟ್ಟ ಇರುವೆ ಗೂಡೊಂದನ್ನು ಕಂಡು, ಬೆಂಕಿಯಿಂದ ಶಿಕ್ಷಿಸುವ ಅಧಿಕಾರ ಬೆಂಕಿಯ ಒಡೆಯನಿಗೆ ಮಾತ್ರ ಎಂದು ಎಚ್ಚರಿಸಿದರು.

ಈ ಎರಡು ಘಟನೆಗಳಿಗೂ ನಮ್ಮ ಉದ್ಯಾನಗಳಿಗೂ ನಿಕಟ ಸಂಬಂಧವಿದೆ. ಗುಬ್ಬಚ್ಚಿ ಕಾಳು ತಿಂದು ಬದುಕುತ್ತದೆ. ಆದರೆ ತನ್ನ ಎಳೆಯ ಮರಿಗಳಿಗೆ ಉಣಿಸುವುದು ಹುಳುಗಳನ್ನು. ಆ ಹುಳುಗಳು ಬಾಳುವುದು ಪೊದೆಗಳಲ್ಲಿ, ಹುಲ್ಲಿನಲ್ಲಿ, ತರಗೆಲೆಯ ಅಡಿಯ ತೇವದಲ್ಲಿ. ಸ್ವಚ್ಛತೆಯ ಹೆಸರಿನಲ್ಲಿ ಪೊದೆ ಕಡಿದು ತರಗೆಲೆಗೆ ಬೆಂಕಿಯಿಟ್ಟರೆ, ಗೂಡನ್ನು ಮುಟ್ಟದೆಯೇ ನಾವು ತಾಯಿ ಹಕ್ಕಿಯನ್ನು ಕಂಗೆಡಿಸಿದಂತಾಯಿತು. ಗುಬ್ಬಿ ಎಂಬ ಹೆಸರಿನ ಊರೇ ಇರುವ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕೇ?

2016ರಲ್ಲಿ ತುಮಕೂರು ಸ್ಮಾರ್ಟ್ ಸಿಟಿ ಯೋಜನೆಗೆ ಆಯ್ಕೆಯಾಯಿತು. ಅಮಾನಿಕೆರೆಯ ಅಭಿವೃದ್ಧಿಯೂ ಅದರಲ್ಲಿ ಸೇರಿತು. ಕಲ್ಲುಹಾಸು, ದೀಪಗಳನ್ನು ಸರಕಾರ ಒದಗಿಸಬಲ್ಲದು. ಸಂಯಮವನ್ನು ನಾವೇ ಒಯ್ಯಬೇಕು. ಜನರ ದಾರಿಯನ್ನೂ ನೆರಳನ್ನೂ ನೀರಿನ ತಾಣವನ್ನೂ ಮಲಿನಗೊಳಿಸುವುದು ಶಾಪಕ್ಕೆ ಗುರಿಮಾಡುವ ಕೃತ್ಯವೆಂದು ಪ್ರವಾದಿವರ್ಯರು(ಸ) ತಿಳಿಸಿರುವರು. ಹಬ್ಬದ ಸಂಜೆ ಕುಣಿಗಲ್ ದೊಡ್ಡಕೆರೆಯ ದಡದಲ್ಲಿ ಉಂಡು, ಪ್ಲಾಸ್ಟಿಕ್ ತಟ್ಟೆಗಳನ್ನು ಅಲ್ಲೇ ಎಸೆದು ಬರುವವರು ಇದನ್ನು ಯೋಚಿಸಲಿ. ನೀರಂಚಿನ ಜೊಂಡು ಕಳೆಯಲ್ಲ. ಅದು ನೀರುಕೋಳಿಯ ಮನೆ.

ನಮ್ಮದೇ ಜಿಲ್ಲೆಯ ಶಿರಾ ತಾಲ್ಲೂಕಿನ ಕಗ್ಗಲಡು ಗ್ರಾಮದಲ್ಲಿ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಅಲ್ಲಿನ ರೈತರು ಅವುಗಳನ್ನು ಅತಿಥಿಗಳಂತೆ ಕಾಪಾಡುತ್ತಾ ಬಂದಿದ್ದಾರೆ. ಜೀವಿಗಳ ಮೇಲಿನ ಕರುಣೆಯನ್ನು ಧರ್ಮದ ಭಾಗವೆಂದು ಕಲಿತ ನಾವು ಅವರಿಗಿಂತ ಹಿಂದೆ ಬೀಳಬಾರದು.

ಆದ್ದರಿಂದ ತಾಯಂದಿರೇ, ಮಕ್ಕಳನ್ನು ಉದ್ಯಾನಕ್ಕೆ ಕರೆದೊಯ್ಯುವಾಗ ಕಸ ಮರಳಿ ತರಲು ಒಂದು ಚೀಲವನ್ನೂ ಒಯ್ಯಿರಿ. ಗೂಡನ್ನು ದೂರದಿಂದಲೇ ತೋರಿಸಿ ಈ ಹದೀಸನ್ನು ಹೇಳಿಕೊಡಿರಿ. ತರಗೆಲೆಯನ್ನು ಸುಡದೆ ಗಿಡಗಳ ಬುಡಕ್ಕೆ ಹಾಕುವಂತೆ ಹಿರಿಯರು ಉದ್ಯಾನದ ಸಿಬ್ಬಂದಿಯನ್ನು ವಿನಯದಿಂದ ಕೇಳಿಕೊಳ್ಳಲಿ. ಕಾವಲುಗಾರ ನೋಡದಿದ್ದರೂ ಅಲ್ಲಾಹನು ನೋಡುತ್ತಿದ್ದಾನೆ. ಅಮಾನತಿನ ಲೆಕ್ಕ ಕೇಳಲ್ಪಡುವ ದಿನ ಮಾತು ಬಾರದ ಆ ಜೀವಿಗಳು ನಮ್ಮ ವಿರುದ್ಧ ದೂರು ನೀಡದಿರಲಿ. ಆಮೀನ್.